90ರ ದಶಕದ ಕೊನೆಯ ಡಾನ್ಸ್ ಹಾಡುಗಳು: ಯಾವುದನ್ನು ಯಾವ ವರ್ಷಕ್ಕೆ ಸೇರಿಸೋದು?

ಪ್ರಶ್ನೆ

1996ರಿಂದ 1999ರವರೆಗಿನ ಡಾನ್ಸ್ ಹಾಡುಗಳನ್ನು ಜೋಡಿಸುತ್ತಿದ್ದೇನೆ, ವರ್ಷಕ್ಕೊಂದು ಪ್ಲೇಲಿಸ್ಟ್. ಐಫೆಲ್ 65 ತಂಡದ ‘ಬ್ಲೂ’ ಹತ್ತಿರ ಬಂದು ಸಿಕ್ಕಿಹಾಕಿಕೊಂಡೆ. ಇಟಲಿಯಲ್ಲಿ ಬಂದಿದ್ದು 1998ರಲ್ಲಿ, ಬ್ರಿಟನ್ನಿನಲ್ಲಿ ನಂಬರ್ ಒನ್ ಆಗಿದ್ದು 1999ರ ಸೆಪ್ಟೆಂಬರ್‌ನಲ್ಲಿ, ಅಮೆರಿಕದ ಹಿಟ್ ಹಾಡುಗಳ ಪಟ್ಟಿಯಾದ ಬಿಲ್‌ಬೋರ್ಡ್ ಹಾಟ್ 100ರಲ್ಲಿ 6ನೇ ಸ್ಥಾನ ಮುಟ್ಟಿದ್ದು 2000ದಲ್ಲಿ. ಒಂದೇ ಹಾಡಿಗೆ ಮೂರು ವರ್ಷ! ಯಾವುದನ್ನು ಹಿಡಿಯಲಿ?

ಇನ್ನೊಂದು ವಿಷಯ. ಬ್ರಿಟನ್ನಿನ ಆಗಿನ ಚಾರ್ಟ್, ಅಂದರೆ ವಾರವಾರದ ಹಿಟ್ ಹಾಡುಗಳ ಪಟ್ಟಿ, ನೋಡಿದರೆ ಎಷ್ಟೋ ಹಾಡುಗಳು ಬಂದ ವಾರವೇ ಮೇಲಕ್ಕೆ ಹೋಗಿ ಕೂತು, ಮರುವಾರ ಕೆಳಗಿಳಿದಿವೆ. ಜನರಿಗೆ ಅಷ್ಟು ಬೇಗ ಸಾಕಾಗುತ್ತಿತ್ತಾ?

ಉತ್ತರ 1

ಎರಡನೆಯದಕ್ಕೆ ಮೊದಲು ಹೇಳ್ತೀನಿ. ಸಾಕಾಗಿದ್ದಲ್ಲ. ಆಗ ಬ್ರಿಟನ್ನಿನ ಚಾರ್ಟ್‌ನಲ್ಲಿ ಲೆಕ್ಕಕ್ಕೆ ಬರುತ್ತಿದ್ದದ್ದು ಅಂಗಡಿಯಲ್ಲಿ ಮಾರಾಟವಾದ ಸಿಂಗಲ್ (ಒಂದು ಹಾಡಿಗೆಂದೇ ಬರುತ್ತಿದ್ದ ಡಿಸ್ಕ್) ಮಾತ್ರ, ರೇಡಿಯೋದಲ್ಲಿ ಎಷ್ಟು ಸಲ ಬಂತು ಅನ್ನೋದಲ್ಲ. ಸಿ.ಡಿ. ಅಂಗಡಿಗೆ ಬರುವ ಎಷ್ಟೋ ವಾರ ಮುಂಚೆಯೇ ಹಾಡು ರೇಡಿಯೋದಲ್ಲಿ, ಕ್ಲಬ್ಬುಗಳಲ್ಲಿ ಶುರುವಾಗಿರುತ್ತಿತ್ತು. ಸೋಮವಾರ ಸಿ.ಡಿ. ಬಂದ ಕೂಡಲೇ ಕಾಯುತ್ತಿದ್ದವರೆಲ್ಲ ಒಟ್ಟಿಗೆ ಕೊಳ್ಳುತ್ತಿದ್ದರು. ಭಾನುವಾರದ ಪಟ್ಟಿಯಲ್ಲಿ ಹಾಡು ನೇರ ಮೇಲೆ. ಕೊಂಡವರು ಮತ್ತೆ ಕೊಳ್ಳೋದಿಲ್ಲ, ಅಲ್ವಾ? ಮನೆಯಲ್ಲಿ ದಿನಕ್ಕೆ ಹತ್ತು ಸಲ ಕೇಳಿದರೂ ಚಾರ್ಟ್‌ಗೆ ಅದು ಗೊತ್ತಾಗೋದಿಲ್ಲ.

‘ಬ್ಲೂ’ ಕಥೆ ಇನ್ನೂ ಚೆನ್ನಾಗಿದೆ. ಬ್ರಿಟನ್ನಿನಲ್ಲಿ ಅಧಿಕೃತವಾಗಿ ಬಿಡುಗಡೆ ಆಗುವ ಮೊದಲೇ, ಹೊರದೇಶದಿಂದ ತರಿಸಿದ ಡಿಸ್ಕ್‌ಗಳ ಮಾರಾಟದಿಂದಲೇ ಅದು ಮೊದಲ ನಲವತ್ತರೊಳಗೆ ಬಂದಿತ್ತು.

ಉತ್ತರ 2

ನನ್ನ ಮಟ್ಟಿಗೆ ಹಾಡು ಮೊದಲು ಬಂದ ವರ್ಷವೇ ಸರಿ. ಎ.ಟಿ.ಬಿ. ಅವರ ‘9 ಪಿಎಂ’ ಬ್ರಿಟನ್ನಿನಲ್ಲಿ ನಂಬರ್ ಒನ್ ಆಗಿದ್ದು 1999ರಲ್ಲಿ, ಆದರೆ ಜರ್ಮನಿಯಲ್ಲಿ 1998ರಲ್ಲೇ ಬಂದಿತ್ತು. ಅದರಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಕೊಂಡು ಹೋಗುವ ಗಿಟಾರ್ ನಾದ ಇದೆಯಲ್ಲ, ಅದು 1998ರ ಕಿವಿಗೆ ಹುಟ್ಟಿದ್ದು. ಆಮೇಲೆ ಎಷ್ಟು ಜನ ಅದೇ ಜಾರನ್ನು ಬಳಸಿದರು!

ಅದೇ 1998ರಲ್ಲಿ ಶೆರ್ ಅವರ ‘ಬಿಲೀವ್’ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ದನಿ ಜಾರೋದೇ ಇಲ್ಲ, ಮೆಟ್ಟಿಲು ಹತ್ತಿದ ಹಾಗೆ ಸ್ವರದಿಂದ ಸ್ವರಕ್ಕೆ ಠಕ್ಕನೆ ನೆಗೆಯುತ್ತೆ. ಶ್ರುತಿ ತಿದ್ದೋಕೆ ಅಂತ ಇದ್ದ ಆಟೋಟ್ಯೂನ್ ಅನ್ನು ಅತಿ ವೇಗಕ್ಕೆ ಇಟ್ಟು ತಂದ ಪರಿಣಾಮ ಅದು. ಹೆಡ್‌ಫೋನ್ ಹಾಕಿಕೊಂಡು ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಅಂದ ಹಾಗೆ ‘ಬಿಲೀವ್’ ಬ್ರಿಟನ್ನಿನಲ್ಲಿ 7 ವಾರ ಮೇಲೇ ಇತ್ತು, ಹಾಗಾಗಿ ಎಲ್ಲವೂ ಒಂದು ವಾರದ ಅತಿಥಿ ಅಲ್ಲ.

ಉತ್ತರ 3

ಮೊದಲು ಬಂದ ವರ್ಷ ಅಂದರೆ ರೀಮಿಕ್ಸ್‌ಗೆ ಏನು ಮಾಡ್ತೀರಿ? ರನ್ ಡಿ.ಎಂ.ಸಿ. ‘ಇಟ್ಸ್ ಲೈಕ್ ದಟ್’ ಮೂಲ ಹಾಡು 1983ರದ್ದು. ಜೇಸನ್ ನೆವಿನ್ಸ್ ಮಾಡಿದ ರೀಮಿಕ್ಸ್ 1998ರಲ್ಲಿ ಬ್ರಿಟನ್ನಿನಲ್ಲಿ 6 ವಾರ ನಂಬರ್ ಒನ್. ಸ್ಪೈಸ್ ಗರ್ಲ್ಸ್ ಅವರ ಮೊದಲ ಆರು ಸಿಂಗಲ್‌ಗಳೂ ನಂಬರ್ ಒನ್ ಆಗಿದ್ದವು, ಏಳನೆಯದನ್ನು 2ನೇ ಸ್ಥಾನದಲ್ಲೇ ತಡೆದಿದ್ದು ಇದೇ ಹಾಡು. ಅದನ್ನ 1983ಕ್ಕೆ ಹಾಕಿದರೆ ಅನ್ಯಾಯ.

ಮತ್ತೆ ದಯವಿಟ್ಟು ನಂಬರ್ ಒನ್‌ಗಳನ್ನು ಮಾತ್ರ ಆರಿಸಬೇಡಿ. ಸ್ಟಾರ್‌ಡಸ್ಟ್ ತಂಡ ಬಿಟ್ಟಿದ್ದೇ ಒಂದು ಸಿಂಗಲ್, ‘ಮ್ಯೂಸಿಕ್ ಸೌಂಡ್ಸ್ ಬೆಟರ್ ವಿತ್ ಯೂ’. ಅದು ಬ್ರಿಟನ್ನಿನಲ್ಲಿ 2ರಲ್ಲೇ ನಿಂತಿತು, ಆದರೆ ಅದಿಲ್ಲದ 1998 ನನಗೆ ಬೇಡ. ರಾಬರ್ಟ್ ಮೈಲ್ಸ್ ಅವರ ‘ಚಿಲ್ಡ್ರನ್’ ಕೂಡ ಅಲ್ಲಿ 2ನೇ ಸ್ಥಾನ. ಆ ಪಿಯಾನೋ ಈಗ ಕೇಳಿದರೂ ಎದೆ ತುಂಬುತ್ತೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಮೂಲ ಹಾಡಿಗೆ ಮೊದಲು ಬಂದ ವರ್ಷ, ರೀಮಿಕ್ಸ್‌ಗೆ ರೀಮಿಕ್ಸ್ ಹಿಟ್ ಆದ ವರ್ಷ, ಹೀಗೆ ಮಾಡ್ತೀನಿ. ‘ಬ್ಲೂ’ 1998ಕ್ಕೆ ಹೋಯಿತು. ಇದರಿಂದ ನನಗೆ ದೊಡ್ಡ ಲಾಭವೂ ಆಯಿತು: ಡರೂಡ್ ಅವರ ‘ಸ್ಯಾಂಡ್‌ಸ್ಟಾರ್ಮ್’ ಬ್ರಿಟನ್ನಿನಲ್ಲಿ 3ನೇ ಸ್ಥಾನಕ್ಕೆ ಬಂದಿದ್ದು 2000ದಲ್ಲಿ ಅಂತ ಬೇಜಾರಿನಿಂದ ಹೊರಗೆ ಇಟ್ಟಿದ್ದೆ. ಫಿನ್ಲೆಂಡಿನಲ್ಲಿ ಅದು 1999ರದ್ದು. ಈಗಲೇ ಸೇರಿಸಿದೆ, ಕೊನೆಯ ಹಾಡು ಅದೇ.