ಚುಚ್ಚಿಕೊಳ್ಳುವುದನ್ನು ಬಿಟ್ಟಿಲ್ಲ, ಹೆಪಟೈಟಿಸ್ ಸಿ ಚಿಕಿತ್ಸೆ ಶುರು ಮಾಡಬಹುದೇ?

ಪ್ರಶ್ನೆ: ನಮ್ಮ ಕೇಂದ್ರಕ್ಕೆ ಬರುವವರೊಬ್ಬರ ಹೆಪಟೈಟಿಸ್ ಸಿ (ಲಿವರ್‌ಗೆ ತಗುಲುವ ವೈರಸ್ ಸೋಂಕು) ಆ್ಯಂಟಿಬಾಡಿ ಟೆಸ್ಟ್ ಪಾಸಿಟಿವ್ ಬಂದಿದೆ. ದಿನಕ್ಕೆ ಮೂರು ಸಲ ಹೆರಾಯಿನ್ ಚುಚ್ಚಿಕೊಳ್ಳುತ್ತಾರೆ. ಮೊದಲು ಅದನ್ನು ಬಿಡಿಸಿ ಆಮೇಲೆ ಮಾತ್ರೆ ಕೊಡಬೇಕೇ? ಈ ಕೆಲಸ ಗೊತ್ತಿರುವವರು ದಯವಿಟ್ಟು ಹೇಳಿ.

— ಬಿಡುವ ತನಕ ಕಾಯಿಸಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯ ಪ್ರಕಾರವೂ ಚುಚ್ಚಿಕೊಳ್ಳುವುದು ಚಿಕಿತ್ಸೆಗೆ ಅಡ್ಡಿಯಲ್ಲ. ಆದರೆ ಆ್ಯಂಟಿಬಾಡಿ ಒಂದನ್ನೇ ನೋಡಿ ಮಾತ್ರೆ ಶುರು ಮಾಡುವ ಹಾಗಿಲ್ಲ; ವೈರಸ್ ಎಂದಾದರೂ ತಗುಲಿತ್ತು ಎಂದಷ್ಟೇ ಅದು ಹೇಳುತ್ತದೆ. ಸುಮಾರು ನಾಲ್ವರಲ್ಲಿ ಒಬ್ಬರಿಗೆ ವೈರಸ್ ತಾನಾಗಿಯೇ ಹೋಗಿರುತ್ತದೆ. ವೈರಸ್ ಈಗಲೂ ರಕ್ತದಲ್ಲಿದೆಯೇ ಎಂದು ತೋರಿಸುವ ಆರ್‌ಎನ್‌ಎ ಟೆಸ್ಟ್ ಮಾಡಿಸಿ. ಜೊತೆಗೆ ಹೆಪಟೈಟಿಸ್ ಬಿ, ಎಚ್‌ಐವಿ, ಲಿವರ್ ಸ್ಥಿತಿ ತಿಳಿಯಲು ಎಎಸ್‌ಟಿ, ಎಎಲ್‌ಟಿ, ಪ್ಲೇಟ್‌ಲೆಟ್. ಬಿ ಇರುವುದು ಗೊತ್ತಾಗದೆ ಸಿ ಮಾತ್ರೆ ಕೊಟ್ಟರೆ ಅಡಗಿದ್ದ ಬಿ ಕೆರಳಬಹುದು. ನರ ಸಿಗದಿದ್ದರೆ ಅಲ್ಲಿ ಇಲ್ಲಿ ಚುಚ್ಚಿ ನೋಯಿಸಬೇಡಿ. ಎಲ್ಲಿ ಸಿಗುತ್ತದೆಂದು ಅವರಿಗೇ ಗೊತ್ತು, ಕೇಳಿ. ಎಲ್ಲ ಟೆಸ್ಟಿಗೂ ಒಂದೇ ಸಲ ರಕ್ತ ತೆಗೆದುಬಿಡಿ.

— ಮಾತ್ರೆಯ ವಿಷಯ. ಸೋಫೋಸ್ಬುವಿರ್ 400 ಮಿ.ಗ್ರಾಂ., ವೆಲ್ಪಟಾಸ್ವಿರ್ 100 ಮಿ.ಗ್ರಾಂ. ಸೇರಿದ ಒಂದೇ ಮಾತ್ರೆ, ದಿನಕ್ಕೊಂದರಂತೆ 12 ವಾರ. ಹೆರಾಯಿನ್ ಬದಲಿಗೆ ಕೊಡುವ ಮೆಥಡೋನ್, ಬುಪ್ರೆನಾರ್ಫಿನ್ ಜೊತೆ ತೊಂದರೆಯಿಲ್ಲ. ಅದಕ್ಕೆಂದು ದಿನಾ ಬರುವವರಾದರೆ ಇದನ್ನೂ ಅಲ್ಲೇ ನುಂಗಿಸಿ. ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್, ಫೆನಿಟಾಯಿನ್, ಟಿಬಿಯ ರಿಫಾಂಪಿಸಿನ್ ನಡೆಯುತ್ತಿದ್ದರೆ ಇದು ಬೇಡ, ಅವು ಔಷಧದ ಮಟ್ಟ ಇಳಿಸಿಬಿಡುತ್ತವೆ. ಗ್ಯಾಸ್ ಮಾತ್ರೆ ತಿನ್ನುವುದನ್ನು ಹೆಚ್ಚಿನವರು ತಾವಾಗಿ ಹೇಳುವುದಿಲ್ಲ, ಬಿಡದೆ ಕೇಳಿ: ಹೊಟ್ಟೆಯ ಆಮ್ಲ ಕಡಿಮೆಯಾದರೆ ವೆಲ್ಪಟಾಸ್ವಿರ್ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಮರೆತ ಮಾತ್ರೆ 18 ಗಂಟೆಯೊಳಗೆ ನೆನಪಾದರೆ ಆಗಲೇ ನುಂಗಲಿ. ತಡವಾದರೆ ಮುಂದಿನದನ್ನು ಅದರ ಹೊತ್ತಿಗೆ, ಎರಡು ಒಟ್ಟಿಗೆ ಬೇಡ. ಎರಡು ಮೂರು ದಿನ ತಪ್ಪಿದ ಕೂಡಲೇ ‘ಎಲ್ಲ ಹಾಳಾಯಿತು’ ಎಂದು ಕೈಬಿಡುವುದೇ ದೊಡ್ಡ ನಷ್ಟ. ನಿಲ್ಲಿಸದೆ ಒಟ್ಟು 84 ಮಾತ್ರೆ ಮುಗಿಸಬೇಕು ಎಂದು ಮೊದಲ ದಿನವೇ ಹೇಳಿಡಿ. ವಾರಕ್ಕಿಂತ ಹೆಚ್ಚು ತಪ್ಪಿದರೆ ಮಾತ್ರ ವೈದ್ಯರು ಮತ್ತೆ ನೋಡಬೇಕು. ಹೊಟ್ಟೆಯಲ್ಲಿ ನೀರು, ಕಾಮಾಲೆ ಇದ್ದರೆ ಶುರುವಿನಲ್ಲೇ ಲಿವರ್ ತಜ್ಞರ ಹತ್ತಿರ ಕಳಿಸಿ.

— ಇನ್ನೊಂದು ಮಾತು ಸೇರಿಸುತ್ತೇನೆ. ಸಿರಿಂಜ್ ಬೇರೆಯಿದ್ದರೆ ಸಾಕು ಅಂದುಕೊಂಡಿರುತ್ತಾರೆ. ಪುಡಿ ಕರಗಿಸುವ ಚಮಚ, ಸೋಸುವ ಹತ್ತಿ, ನೀರು ಹಂಚಿಕೊಂಡರೂ ವೈರಸ್ ದಾಟುತ್ತದೆ. ಸಿರಿಂಜಿನೊಳಗೆ ಅದು 63 ದಿನದವರೆಗೂ ಉಳಿದದ್ದು ಪ್ರಯೋಗಾಲಯದಲ್ಲಿ ಕಂಡಿದೆ. ಮಾತ್ರೆ ಡಬ್ಬಿಯ ಜೊತೆಗೇ ಹೊಸ ಸಿರಿಂಜ್ ಕೊಡಿ; ದಿನಕ್ಕೆ ಮೂರು ಸಲ ಎಂದರೆ ವಾರಕ್ಕೆ 21, ಅದರ ಮೇಲೆ ಕೆಲವು. ಜೊತೆಯಲ್ಲಿ ಚುಚ್ಚಿಕೊಳ್ಳುವವರನ್ನೂ ಟೆಸ್ಟಿಗೆ ಕರೆಸಿ, ಒಟ್ಟಿಗೇ ಗುಣವಾಗಲಿ. ಕೋರ್ಸ್ ಮುಗಿದು 12 ವಾರವಾದ ಮೇಲೆ ಆರ್‌ಎನ್‌ಎ ನೋಡಿ. ವೈರಸ್ ಕಾಣದಿದ್ದರೆ ಗುಣವಾದಂತೆ. ಆಮೇಲೂ ಆರು ತಿಂಗಳಿಗೊಮ್ಮೆ ಆರ್‌ಎನ್‌ಎಯನ್ನೇ ಮಾಡಿಸಿ. ಆ್ಯಂಟಿಬಾಡಿ ಗುಣವಾದವರಲ್ಲೂ ಪಾಸಿಟಿವ್ ಬಂದು ಸುಮ್ಮನೆ ಹೆದರಿಸುತ್ತದೆ. ಸೋಂಕು ಮತ್ತೆ ತಗುಲಿದರೆ ಬೈಯದೆ ಮತ್ತೆ ಚಿಕಿತ್ಸೆ ಶುರು ಮಾಡಿ.