ಮಳೆಗಾಲದ ಮುಂಚೆ ಹಳೇ ಸೀರೆ, ಬಾಟಲಿ, ಪುಸ್ತಕ: ಪುಣೆಯವರ ಸಲಹೆಗಳು

ಪ್ರಶ್ನೆ, ವಾರಜೆಯಿಂದ: ಕಪಾಟಿನ ತುಂಬ ಅಮ್ಮನ ಹಳೇ ಕಾಟನ್ ಸೀರೆ, ಮಕ್ಕಳ ಶಾಲೆ ಪುಸ್ತಕ. ಸಿಂಕಿನ ಕೆಳಗೆ ಗಾಜಿನ ಬಾಟಲಿ, ಹಾಲಿನ ಪ್ಯಾಕೆಟ್ಟಿನ ರಾಶಿ. ಕಸಕ್ಕೆ ಹಾಕಲು ಮನಸ್ಸು ಬರುತ್ತಿಲ್ಲ. ಜೂನ್ ಒಳಗೆ ಯಾವುದಕ್ಕೆ ಏನು ಮಾಡಬಹುದು?

ಧನಕವಡಿಯಿಂದ: ಅಕ್ಕಾ, ಕಾಟನ್ ಸೀರಿ ಯಾರಿಗೂ ಕೊಡಬ್ಯಾಡ್ರಿ, ಕೌದಿ ಹೊಲೀರಿ. ಮೊದಲ ಬಿಸಿನೀರಾಗ ತೊಳದು ಗಂಜಿ ಪೂರಾ ತಗೀರಿ. ಗಂಜಿ ಉಳದ್ರ ಹುಳಾ ಹತ್ತತಾವ. ಐದೂವರಿ ಮೀಟರ್ ಸೀರಿ ಮೂರು ತುಂಡು ಮಾಡಿದ್ರ ಒಂದೊಂದು 1.8 ಮೀಟರ್ ಬರ್ತದ. ಅದು ಮೂರು ಪದರ. ನಾಕನೇದ್ದು ಹಳೇ ಧೋತರ ಹಾಕ್ರಿ. ಹರಕು ಇದ್ದ ತುಂಡು ನಡುವಿನ ಪದರಕ್ಕ, ಗಟ್ಟಿ ಇದ್ದದ್ದು ಮ್ಯಾಲೆ ಕೆಳಗ. ಆರು ಪದರ ಮಾಡೂ ಆಸೆ ಬ್ಯಾಡ: ಸೂಜಿ ಇಳಿಯೂದಿಲ್ಲ, ತೊಯ್ದ ಮ್ಯಾಲೆ ಒಬ್ಬರ ಕೈಲೆ ಎತ್ತಾಕ ಬರೂದಿಲ್ಲ.

ಎಲ್ಲಾ ಪದರ ನೆಲದ ಮ್ಯಾಲೆ ಹಾಸಿ, ಸುಕ್ಕು ತಗದು, ಗೇಣಿಗೊಂದು ಸಾಲಿನಂಗ ದೊಡ್ಡ ದೊಡ್ಡ ಕಚ್ಚಾ ಹೊಲಿಗಿ ಹಾಕ್ರಿ. ಭಾಳ ಮಂದಿ ಇದನ್ನ ಬಿಡ್ತಾರ, ಆಮ್ಯಾಲೆ ನಡುವ ಬಟ್ಟಿ ಗುಬ್ಬಿ ಕಟ್ಟತದ. ಅಂಚು ಒಳಗ ಮಡಚಿ, ಅಂಚಿನಿಂದ ಸುರು ಮಾಡಿ ಸುತ್ತ ಸುತ್ತ ನಡುವಿಗೆ ಬರ್ರಿ. ಸಾಲಿಂದ ಸಾಲಿಗೆ ಅರ್ಧ ಇಂಚಿನಿಂದ ಒಂದಿಂಚು. ಕಾಟನ್ ದಾರಾನೇ ಬೇಕು, ಎರಡೆಳಿ ಮಾಡಿ ಮೇಣ ತಿಕ್ರಿ. ನೈಲಾನ್ ದಾರ ಹಳೇ ಬಟ್ಟಿ ಕೊಯ್ತದ. ಜರಿ ಅಂಚು ಚುಚ್ಚತದ, ಮೊದಲ ಕತ್ತರಿಸಿ ಇಡ್ರಿ, ಚೀಲದ ಹಿಡಿಕಿಗೆ ಬರ್ತದ. ಪುಣೆ ಮಳಿಯೊಳಗ ಕೌದಿ ಒಣಗೂದಿಲ್ಲ, ಮುಗ್ಗಲು ವಾಸನಿ ಹಿಡೀತದ. ತೊಳಿಯೂದು ಮೇ ಒಳಗ ಮುಗಿಸ್ರಿ.

ಕೋಥ್ರೂಡ್‌ನಿಂದ: ಹಾಲಿನ ಪ್ಯಾಕೆಟ್ ಕತ್ತರಿಸುವಾಗ ತುದಿ ಪೂರ್ತಿ ಬೇರೆಯಾಗಬಾರದು, ಜೋತುಬಿದ್ದಿರಲಿ. ಆ ಚಿಕ್ಕ ಚೂರನ್ನು ಯಾರೂ ಹೆಕ್ಕಲಾರರು, ಸೀದಾ ಗಟಾರಕ್ಕೆ ಹೋಗುತ್ತದೆ. ಖಾಲಿಯಾದ ತಕ್ಷಣ ಸ್ವಲ್ಪ ನೀರು ಹಾಕಿ ಕುಲುಕಿ, ಆ ನೀರನ್ನು ಚಪಾತಿ ಹಿಟ್ಟಿಗೆ ಹಾಕಿ. ಒಂದು ಬದಿ ಪೂರ್ತಿ ಸೀಳಿ, ಒಳಮೈ ಹೊರಗೆ ಮಾಡಿ ಒಣಗಿಸಿ. ಒದ್ದೆ ಪ್ಯಾಕೆಟ್ ನಾರುತ್ತದೆ, ರದ್ದಿಯವನೂ ಮುಟ್ಟುವುದಿಲ್ಲ.

ನಿಮ್ಮ ಹೌಸಿಂಗ್ ಸೊಸೈಟಿಗೆ ‘ಸ್ವಚ್ಛ’ದವರು ಬರುತ್ತಿದ್ದರೆ ಅವರಿಗೇ ಕೊಡಿ ಅನ್ನುವುದು ನನ್ನ ಅಭಿಪ್ರಾಯ. ಅದು ಕಸ ಆಯುವವರದೇ ಸಹಕಾರಿ ಸಂಘ. ರದ್ದಿ ಮಾರಿದ ದುಡ್ಡು ಅವರ ಕೈಗೇ ಹೋಗುತ್ತದೆ. ಒಣ ಕಸವನ್ನು ಹಸಿ ಕಸದ ಜೊತೆ ಬೆರೆಸಿ ಕೊಟ್ಟರೆ ಅವರ ಅರ್ಧ ಸಂಪಾದನೆಗೆ ಕಲ್ಲು ಹಾಕಿದ ಹಾಗೆ. ಚಿಪ್ಸ್ ಪ್ಯಾಕೆಟ್ಟಿಗೆ ಬೆಲೆ ಇಲ್ಲ, ಆದರೂ ಒಣ ಕಸದಲ್ಲೇ ಹಾಕಿ.

ನಿಗಡಿಯಿಂದ: ಪುಸ್ತಕದ ಬಗ್ಗೆ. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ ಕನ್ನಡದಲ್ಲೂ ಪಠ್ಯಪುಸ್ತಕ ತರುತ್ತದೆ. ಗಡಿಭಾಗದ ಜತ್ತ, ಅಕ್ಕಲಕೋಟೆ ಕಡೆಯ ಕನ್ನಡ ಶಾಲೆಗಳಲ್ಲಿ ಅವೇ ನಡೆಯುವುದು. ನಿಮ್ಮ ಹತ್ತಿರ ಕನ್ನಡ ಮಾಧ್ಯಮದ ಪುಸ್ತಕ ಇದ್ದರೆ ಊರಿಗೆ ಹೋಗುವವರ ಕೈಲಿ ಅಲ್ಲಿಗೇ ಕಳಿಸಿ. ಮುದ್ರಣದ ವರ್ಷ ನೋಡಿ, ಪಠ್ಯ ಬದಲಾಗಿದೆಯೇ ಎಂದು ಮೊದಲು ಶಾಲೆಯಲ್ಲೇ ವಿಚಾರಿಸಿ. ಶಾಲೆ ಶುರುವಾಗುವುದು ಜೂನ್ ನಡುವೆ, ಆದ್ದರಿಂದ ಮೇ ತಿಂಗಳಲ್ಲೇ ತಲುಪಬೇಕು. ಇಂಗ್ಲಿಷ್ ಮಾಧ್ಯಮದ್ದಾದರೆ ಅಪ್ಪಾ ಬಳವಂತ ಚೌಕದ ಹಳೇ ಪುಸ್ತಕದ ಅಂಗಡಿಗಳಲ್ಲಿ ಕೇಳಿ ನೋಡಿ. ಅರ್ಧ ಬರೆದ ನೋಟ್‌ಬುಕ್ಕಿನ ಖಾಲಿ ಹಾಳೆ ಬಿಚ್ಚಿ, ದಬ್ಬಳದಿಂದ ಮೂರು ತೂತು ಹಾಕಿ ಹೊಲಿದರೆ ಹೊಸ ಕಚ್ಚಾ ಪುಸ್ತಕ.

ಕೊಂಢ್ವಾದಿಂದ: ಬಾಟಲಿಯ ಲೇಬಲ್ ಬಿಡಿಸಲು ಬಿಸಿನೀರು, ಒಂದು ಚಮಚ ಬಟ್ಟೆಸೋಡ, ಅರ್ಧ ಗಂಟೆ. ಅಂಟು ಉಳಿದರೆ ಕೊಬ್ಬರಿ ಎಣ್ಣೆ ಸವರಿ ಒರೆಸಿ. ಕುದಿಸುವಾಗ ತಣ್ಣೀರಲ್ಲಿಟ್ಟೇ ಒಲೆ ಹಚ್ಚಿ, ಕುದಿಯುವ ನೀರಿಗೆ ಇಳಿಸಿದರೆ ಸೀಳುತ್ತದೆ. ತಗಡಿನ ಮುಚ್ಚಳದ ಬಾಟಲಿಗೆ ಉಪ್ಪಿನಕಾಯಿ ಬೇಡ, ಉಪ್ಪು ಹುಳಿಗೆ ತುಕ್ಕು ಹಿಡಿಯುತ್ತದೆ. ಬೇಳೆ, ಸಾಸಿವೆ, ಜೀರಿಗೆಗೆ ಸರಿ.

ವಾರಜೆಯಿಂದ: ಎಲ್ಲರಿಗೂ ಧನ್ಯವಾದ. ಪಾಲಿಯೆಸ್ಟರ್ ಸೀರೆಗಳೂ ಇವೆ. ಅವೂ ಕೌದಿಗೆ ಆಗುತ್ತವೆಯೇ?

ಧನಕವಡಿಯಿಂದ: ಇಲ್ರೀ ಅಕ್ಕಾ, ಪದರ ಜಾರತಾವ, ಬೆವರು ಹೀರೂದಿಲ್ಲ. ಹಳೇ ಬಟ್ಟಿಗೆ ಪಾತ್ರಿ ಕೊಡೂ ಬೋಹಾರೀಣ ಓಣಿಗೆ ಬಂದಾಗ ಆಕಿಗೆ ಕೊಡ್ರಿ. ತೊಳದು, ಮಡಚಿ ಕೊಟ್ರ ಆಕಿಗೂ ಮಾರಾಕ ಬರ್ತದ. ಹರಕು ಪಾಲಿಯೆಸ್ಟರ್ ಉದ್ದುದ್ದ ಸೀಳಿ ಜಡಿ ಹೆಣದ್ರ ಬಾಗಿಲ ಮುಂದ ಕಾಲೊರಸು ಆಗ್ತದ, ಮಳಿಗಾಲದಾಗ ಲಗೂನೂ ಒಣಗತದ.