ಬಯಾಪ್ಸಿಯಲ್ಲಿ ‘ಹೈ ಗ್ರೇಡ್’ ಅಂತ ಬಂದಿದೆ, ಹಾಗೇ ಬಿಡಬಹುದಾ?

ಪ್ರಶ್ನೆ (ಡೊಂಬಿವಲಿ, ಹೆಸರು ಬೇಡ): ಡಾಕ್ಟ್ರೇ, ನನಗೆ 43 ವರ್ಷ. ಎಚ್‌ಐವಿ ಇದೆ. ಹದಿಮೂರು ವರ್ಷದಿಂದ ಅದನ್ನು ಹಿಡಿತದಲ್ಲಿಡುವ ಎಆರ್‌ಟಿ ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ. ಮಲದ ಜೊತೆ ರಕ್ತ ಬೀಳುತ್ತಿತ್ತು. ಹತ್ತಿರದ ಕ್ಲಿನಿಕ್‌ನಲ್ಲಿ ಪರೀಕ್ಷೆಯನ್ನೇ ಮಾಡದೆ ಪೈಲ್ಸ್ ಅಂತ ಹೇಳಿ ಮುಲಾಮು ಕೊಟ್ಟರು. ಎಂಟು ತಿಂಗಳು ಹಚ್ಚಿದೆ. ಆಮೇಲೆ ಬೇರೆ ಆಸ್ಪತ್ರೆಯಲ್ಲಿ ಗುದದಿಂದ ಚೂರು ತೆಗೆದು ಬಯಾಪ್ಸಿ ಮಾಡಿದರು, ರಿಪೋರ್ಟಿನಲ್ಲಿ ಎಚ್‌ಎಸ್‌ಐಎಲ್, ಹೈ ಗ್ರೇಡ್ ಅಂತ ಇದೆ, ಅಂದರೆ ಕ್ಯಾನ್ಸರ್‌ಗೆ ಮುಂಚಿನ ಹಂತದ ಬದಲಾವಣೆಯಂತೆ. ಒಬ್ಬರು ಕ್ಯಾನ್ಸರ್ ಅಲ್ವಲ್ಲ ಬಿಡಿ ಅಂತಾರೆ. ಇನ್ನೊಬ್ಬರು ಚಿಕಿತ್ಸೆಗೆ ಅಂತ ಆ ಜಾಗ ಸುಟ್ಟರೆ ಮಲದ ಹಿಡಿತ ತಪ್ಪುತ್ತೆ ಅಂತಾರೆ. ಹೆಂಡತಿಗೆ ಬಿಟ್ಟು ಯಾರಿಗೂ ಹೇಳಿಲ್ಲ.

ಉತ್ತರ (ಸರ್ಜನ್, ಮುಂಬೈ): ಇಲ್ಲಿ ಬರೆದಿದ್ದು ಒಳ್ಳೆಯದಾಯಿತು. ಇದು ಕ್ಯಾನ್ಸರ್ ಅಲ್ಲ ಅನ್ನೋದು ನಿಜ, ಆದರೆ ಸುಮ್ನೆ ಬಿಡುವಂಥದ್ದೂ ಅಲ್ಲ. ಎಚ್‌ಪಿವಿ ಅನ್ನೋ ವೈರಸ್, ಅದರಲ್ಲೂ 16ನೇ ತಳಿ, ಗುದದ ಒಳಪದರದ ಕೋಶಗಳನ್ನು ಕೆಡಿಸುತ್ತದೆ. ಹಾಗೆ ಕೆಟ್ಟ ಜಾಗದಲ್ಲಿ ಕೆಲವರಿಗೆ ಮುಂದೆ ಕ್ಯಾನ್ಸರ್ ಆಗುತ್ತದೆ. ಎಚ್‌ಐವಿ ಇದ್ದವರಿಗೆ ಈ ಅಪಾಯ ಜಾಸ್ತಿ, ವೈರಲ್ ಲೋಡ್ (ರಕ್ತದಲ್ಲಿರುವ ಎಚ್‌ಐವಿ ಪ್ರಮಾಣ) ಹಿಡಿತದಲ್ಲಿದ್ದರೂ ಪೂರ್ತಿ ಹೋಗುವುದಿಲ್ಲ.

ಮೊದಲೆಲ್ಲ ನಾವೂ ‘ನೋಡೋಣ’ ಅಂತ ಕಾಯಿಸುತ್ತಿದ್ದೆವು, ಯಾಕೆಂದರೆ ಚಿಕಿತ್ಸೆಯಿಂದ ಕ್ಯಾನ್ಸರ್ ತಪ್ಪುತ್ತದೆ ಅನ್ನೋದಕ್ಕೆ ಗಟ್ಟಿ ಪುರಾವೆ ಇರಲಿಲ್ಲ. 2022ರಲ್ಲಿ ಅಮೆರಿಕದ ‘ಆಂಕರ್’ ಅಧ್ಯಯನ ಪ್ರಕಟವಾಯಿತು. ಎಚ್‌ಐವಿ ಇರುವ, ನಿಮ್ಮ ಹಾಗೇ ಹೈ ಗ್ರೇಡ್ ಬಂದಿದ್ದ, 35 ದಾಟಿದ ಸುಮಾರು 4,400 ಜನ ಅದರಲ್ಲಿದ್ದರು. ಅರ್ಧ ಜನಕ್ಕೆ ಚಿಕಿತ್ಸೆ ಕೊಟ್ಟರು, ಉಳಿದವರನ್ನು ಆಗಾಗ ಪರೀಕ್ಷೆ ಮಾಡುತ್ತಾ ಬಂದರು. ಚಿಕಿತ್ಸೆ ಪಡೆದವರಲ್ಲಿ 9 ಜನಕ್ಕೆ ಕ್ಯಾನ್ಸರ್ ಬಂತು, ಕಾದವರಲ್ಲಿ 21 ಜನಕ್ಕೆ. ಅಪಾಯ ಶೇ 57ರಷ್ಟು ಇಳಿಯಿತು. ಅದಕ್ಕೇ ನಾನು ಕಾಯಬೇಡಿ ಅನ್ನುತ್ತಿರುವುದು.

ಚಿಕಿತ್ಸೆ ಹೇಗೆ ಮಾಡುತ್ತಾರೆ ಅಂದರೆ, ಗುದದೊಳಗೆ ಸಣ್ಣ ಕೊಳವೆ ಹಾಕಿ, ವಿನೆಗರ್‌ನಂಥ ತಿಳಿ ಆಮ್ಲದಲ್ಲಿ ಅದ್ದಿದ ಬಟ್ಟೆಯನ್ನು ಒಂದೆರಡು ನಿಮಿಷ ಒಳಗೆ ಇಡುತ್ತಾರೆ. ಕೆಟ್ಟ ಜಾಗ ಬೆಳ್ಳಗೆ ಎದ್ದು ಕಾಣುತ್ತದೆ. ದೊಡ್ಡದಾಗಿ ತೋರಿಸುವ ಸೂಕ್ಷ್ಮದರ್ಶಕದಲ್ಲಿ ನೋಡಿಕೊಂಡು, ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಅಷ್ಟನ್ನೇ ಕರೆಂಟಿನ ಸೂಜಿಯಿಂದ ಸುಡುತ್ತಾರೆ. ಸುಡುವುದು ಮೇಲಿನ ಪದರ ಮಾತ್ರ. ಹಿಡಿತ ಕೊಡುವ ಸ್ನಾಯು ಅದರ ಕೆಳಗಿದೆ, ಹಾಗಾಗಿ ಆ ಭಯ ಬೇಡ. ಆದರೆ ಇದು ಮರುಕಳಿಸುತ್ತದೆ, ಬಹಳ ಜನಕ್ಕೆ. ಆರು ತಿಂಗಳಿಗೊಮ್ಮೆ ತೋರಿಸಲೇಬೇಕು. ಹೀಗೆ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ ಎಲ್ಲ ಸರ್ಜನ್‌ಗಳೂ ಮಾಡುವುದಿಲ್ಲ, ‘ಹೈ ರೆಸಲ್ಯೂಷನ್ ಅನೋಸ್ಕೋಪಿ ಮಾಡ್ತೀರಾ’ ಅಂತ ಫೋನಿನಲ್ಲೇ ಕೇಳಿ ಹೋಗಿ.

ನಿಮ್ಮ ಹೆಂಡತಿಗೂ ಗರ್ಭಕಂಠದ ಪರೀಕ್ಷೆ ಮಾಡಿಸಿ, ವೈರಸ್ ಅದೇ ಜಾತಿಯದು.

ಪ್ರಶ್ನೆ (ಪುಣೆ, ಕೋಥ್ರೂಡ್): ಮಧ್ಯೆ ಬಂದೆ, ಕ್ಷಮಿಸಿ. ನನ್ನ ಮಗನಿಗೆ 13. ಎಚ್‌ಪಿವಿ ಲಸಿಕೆ ಹುಡುಗಿಯರಿಗೆ ಮಾತ್ರ ಅಲ್ವಾ?

ಉತ್ತರ: ಅಲ್ಲ, ಹುಡುಗರಿಗೂ ಕೊಡಬಹುದು. ನಿಮ್ಮೂರಿನ ಸೀರಮ್ ಇನ್‌ಸ್ಟಿಟ್ಯೂಟ್‌ನ ಸರ್ವಾವ್ಯಾಕ್ ಲಸಿಕೆ 9ರಿಂದ 26 ವರ್ಷದ ಹುಡುಗ, ಹುಡುಗಿ ಇಬ್ಬರಿಗೂ ಇದೆ. 14ರೊಳಗೆ ಎರಡೇ ಡೋಸ್, ಆರು ತಿಂಗಳ ಅಂತರದಲ್ಲಿ. ಈಗಲೇ ಹಾಕಿಸಿ. ಈಗಾಗಲೇ ಕೆಟ್ಟಿರುವ ಜಾಗವನ್ನು ಮಾತ್ರ ಲಸಿಕೆ ವಾಸಿ ಮಾಡುವುದಿಲ್ಲ.

ಪ್ರಶ್ನೆ (ಡೊಂಬಿವಲಿ): ಡಾಕ್ಟ್ರೇ, ಸುಟ್ಟ ಮೇಲೆ ಲೋಕಲ್ ರೈಲು ಹತ್ತಿ ಕೆಲಸಕ್ಕೆ ಹೋಗಬಹುದಾ? ದಾದರ್‌ವರೆಗೂ ನಿಂತೇ ಹೋಗೋದು.

ಉತ್ತರ: ನಿಲ್ಲೋದು ಕಷ್ಟ ಆಗಲ್ಲ, ಬೆಳಿಗ್ಗೆ ಕಕ್ಕಸಿಗೆ ಹೋಗೋದೇ ಕಷ್ಟ. ಮೊದಲ ವಾರ ಉರಿ, ಸ್ವಲ್ಪ ರಕ್ತ ಇರುತ್ತೆ. ನಾಲ್ಕೈದು ದಿನ ರಜೆ ಹಾಕಿ. ಬೆಚ್ಚಗಿನ ನೀರಿನ ಟಬ್‌ನಲ್ಲಿ ದಿನಕ್ಕೆ ಮೂರು ಸಲ ಹತ್ತು ನಿಮಿಷ ಕೂತುಕೊಳ್ಳಿ, ಮಲ ಗಟ್ಟಿಯಾಗದ ಹಾಗೆ ಇಸಬಗೋಲ್, ನೀರು ಜಾಸ್ತಿ ತಗೊಳ್ಳಿ. ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ. ರಕ್ತ ಗಟ್ಟಿಗಟ್ಟಿಯಾಗಿ ಬಿದ್ದರೆ, ಇಲ್ಲ ಜ್ವರ ಬಂದರೆ, ಅದೇ ದಿನ ಆಸ್ಪತ್ರೆಗೆ ಹೋಗಿ. ಎಆರ್‌ಟಿ ಮಾತ್ರೆ ಒಂದು ದಿನವೂ ನಿಲ್ಲಿಸಬೇಡಿ.

(ಡೊಂಬಿವಲಿ): ಸರಿ ಡಾಕ್ಟ್ರೇ. ನಾಳೆ ಬೆಳಿಗ್ಗೆ ಫೋನ್ ಮಾಡಿ ಕೇಳ್ತೀನಿ, ಆ ಪರೀಕ್ಷೆಯ ಹೆಸರು ಚೀಟಿಯಲ್ಲಿ ಬರೆದಿಟ್ಟುಕೊಂಡೆ.